ಸದ್ದಿನಿಂದ ಕಿವಿ ಮಂದವಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ವಿದ್ಯುತ್ ಮಗ್ಗ ಓಡಿಸಿದವರು. ಹಾಗಾಗಿ ಇಲ್ಲಿರುವ ಪ್ರಶ್ನೆಗಳಲ್ಲಿ ಎಷ್ಟೋ ಮೊದಲು ನಮ್ಮ ಮನೆಯಲ್ಲೇ ಹುಟ್ಟಿದವು. ಉಳಿದವು ಶಿಬಿರಗಳಲ್ಲಿ, ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಆಯಿತು.

## ಮೊದಮೊದಲು ಕೇಳುವವು

ವಯಸ್ಸಾದ ಮೇಲೆ ಎಲ್ಲರಿಗೂ ಕಿವಿ ಕಮ್ಮಿ ಆಗುತ್ತೆ. ಅದಕ್ಕೆ ಸದ್ದನ್ನ ಯಾಕೆ ಬೈತೀರಿ?

ವಯಸ್ಸಿನಿಂದಲೂ ಕಮ್ಮಿ ಆಗುತ್ತದೆ, ನಿಜ. ಆದರೆ ಸದ್ದು ವಯಸ್ಸಿಗೆ ಕಾಯುವುದಿಲ್ಲ. ಮೂವತ್ತೈದರ ನೇಕಾರರ ಕಿವಿ ಅರವತ್ತೈದರವರ ಕಿವಿಯ ಹಾಗೆ ಆಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಸಣ್ಣ ಕೊಳವೆ ಇದೆ. ಅದರ ಹೆಸರು ಕಾಕ್ಲಿಯಾ. ಒಂದೊಂದು ಕಿವಿಯ ಕಾಕ್ಲಿಯಾದಲ್ಲಿ, ತುದಿಗೆ ಕೂದಲಿನಂಥ ಎಳೆಗಳಿರುವ ಸುಮಾರು 15,000 ಕೂದಲ ಕೋಶಗಳು ಇರುತ್ತವೆ. ಸದ್ದಿನ ಅಲುಗಾಟವನ್ನು ಹಿಡಿದು ನರಕ್ಕೆ ಮುಟ್ಟಿಸುವುದು ಇವೇ. ಜೋರು ಸದ್ದಿನಲ್ಲಿ ಇವು ಮಿತಿಮೀರಿ ದುಡಿದು ದಣಿಯುತ್ತವೆ. ದಣಿದ ಕೋಶದೊಳಗೆ ವಿಷದಂಥ ಕಸ ತುಂಬಿಕೊಳ್ಳುತ್ತದೆ. ಕೊನೆಗೆ ಕೋಶ ಸಾಯುತ್ತದೆ. ಮನುಷ್ಯರಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಹಾಸಿನ ಎಳೆ ಕಡಿದರೆ ಗಂಟು ಹಾಕಿ ಮಗ್ಗ ಓಡಿಸಬಹುದು, ಈ ಎಳೆಗೆ ಗಂಟು ಹಾಕುವವರು ಯಾರೂ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1886ರಲ್ಲೇ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಬಾಯ್ಲರ್ ಕಟ್ಟುವ ಕೆಲಸಗಾರರ ಕಿವಿಯನ್ನು ಅಂಚೆಯವರ ಕಿವಿಯ ಜೊತೆ ಹೋಲಿಸಿ ನೋಡಿದರು. ಬಾಯ್ಲರ್‌ನವರಲ್ಲಿ ಒಬ್ಬರ ಕಿವಿಯೂ ಸರಿ ಇರಲಿಲ್ಲ. ವಯಸ್ಸೊಂದೇ ಕಾರಣವಾಗಿದ್ದರೆ ಅಂಚೆಯವರದೂ ಹಾಗೇ ಇರಬೇಕಿತ್ತಲ್ವಾ?

ಎಷ್ಟು ಸದ್ದಾದರೆ ಜಾಸ್ತಿ? ನನ್ನ ಹತ್ರ ಅಳೆಯೋ ಮೀಟರ್ ಇಲ್ಲ.

ಮೀಟರ್ ಬೇಡ. ಒಂದು ಮಾರು ದೂರದಲ್ಲಿ ನಿಂತವರ ಜೊತೆ ಮಾತಾಡಲು ಗಂಟಲು ಏರಿಸಬೇಕಾದರೆ ಅಲ್ಲಿ ಸದ್ದು 85 ಡೆಸಿಬೆಲ್‌ನ (ಸದ್ದಿನ ಜೋರು ಅಳೆಯುವ ಲೆಕ್ಕ) ಆಸುಪಾಸು ಇದೆ ಅಂತ ತಿಳಿಯಿರಿ. ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾದರೆ 95 ದಾಟಿದೆ. ಸಾಮಾನ್ಯ ಮಾತುಕತೆ 60ರಷ್ಟು. ಲಾಳಿ ಮಗ್ಗದ ಶೆಡ್ಡಿನಲ್ಲಿ 90ರಿಂದ 100 ಮಾಮೂಲು.

85ರಲ್ಲಿ ದಿನಕ್ಕೆ 8 ಗಂಟೆ ಇದ್ದರೆ ಅದು ಅಂಚು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಹಾಗಾಗಿ ಸಮಯ ಅರ್ಧಕ್ಕೆ ಇಳಿಯಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. 100ಕ್ಕೆ ಬಂದರೆ ಬರೀ 15 ನಿಮಿಷ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳು ಸಿಗುತ್ತವೆ. ಅಂದಾಜಿಗೆ ಸಾಕು, ಕೋರ್ಟಿಗೆ ಸಾಕಾಗುವುದಿಲ್ಲ.

ಇಪ್ಪತ್ತು ವರ್ಷದಿಂದ ಶೆಡ್ಡಲ್ಲೇ ಇದ್ದೀನಿ. ಮೊದಲು ತಲೆನೋವು ಬರ್ತಿತ್ತು, ಈಗ ಸದ್ದೇ ಗೊತ್ತಾಗಲ್ಲ. ಅಭ್ಯಾಸ ಆಗಿಹೋಗಿದೆ. ಇನ್ನೇನು ಆಗುತ್ತೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಕೈಗೆ ಜಡ್ಡು ಕಟ್ಟುತ್ತದೆ, ಕಿವಿಗೆ ಕಟ್ಟುವುದಿಲ್ಲ. ಮನಸ್ಸು ಸದ್ದನ್ನು ಲೆಕ್ಕಕ್ಕಿಡದೆ ಇರಲು ಕಲಿಯಬಹುದು. ಕಾಕ್ಲಿಯಾಕ್ಕೆ ಆ ವಿದ್ಯೆ ಬರುವುದಿಲ್ಲ. ಮೊದಲು ಕಿರಿಕಿರಿ ಮಾಡುತ್ತಿದ್ದ ಸದ್ದು ಈಗ ಮೆತ್ತಗೆ ಕೇಳಿಸುತ್ತಿದೆ ಎಂದರೆ ಮಗ್ಗ ಮೆತ್ತಗಾಗಿಲ್ಲ. ಅದನ್ನು ಕೇಳುತ್ತಿದ್ದ ಕೋಶಗಳಲ್ಲಿ ಒಂದಷ್ಟು ಹೋಗಿವೆ. ನೀವು ಅಭ್ಯಾಸ ಅನ್ನುತ್ತಿರುವುದೇ ಕಾಯಿಲೆಯ ಲಕ್ಷಣ ಆಗಿರಬಹುದು.

ನಮ್ಮಪ್ಪನೂ ಇದೇ ಮಾತು ಹೇಳುತ್ತಿದ್ದರು. ಒಂದು ಸಲ ಜ್ವರ ಬಂದಾಗ ಡಿಜಿಟಲ್ ಥರ್ಮಾಮೀಟರ್ ಕೊಟ್ಟು, ಕುಂಯ್ ಕುಂಯ್ ಅಂದಾಗ ತೆಗೆಯಿರಿ ಅಂತ ಹೇಳಿ ಅಡುಗೆಮನೆಗೆ ಹೋದೆ. ಅದು ಕೂಗಿದ್ದು ಒಳಗಿದ್ದ ನನಗೆ ಕೇಳಿಸಿತು. ಬಂದು ನೋಡಿದರೆ ಅಪ್ಪ ಅದನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಲೇ ಕೂತಿದ್ದರು. 'ಇದು ಕೆಟ್ಟಿದೆ ಕಣೋ' ಅಂದರು. ಆ ಕೂಗಿನ ಕಂಪನ ಸೆಕೆಂಡಿಗೆ 4,000ದ ಹತ್ತಿರ ಇರುತ್ತದೆ. ಸದ್ದು ಮೊದಲು ತಿನ್ನುವುದು ಸರಿಯಾಗಿ ಆ ಜಾಗವನ್ನೇ.

ನಮ್ಮೆಜಮಾನ್ರಿಗೆ ನಾನು ಕರೆದಿದ್ದು ಕೇಳಿಸುತ್ತೆ, ಹೇಳಿದ್ದು ಕೇಳಿಸಲ್ಲ. ಬೇಕಂತಲೇ ಹೀಗೆ ಮಾಡ್ತಾರಾ?

ಇಲ್ಲಮ್ಮ, ಪಾಪ. ಸದ್ದಿನಿಂದ ಮೊದಲು ಹೋಗುವುದು ಕೀಚಲು ಸ್ವರ ಕೇಳಿಸುವ ಶಕ್ತಿ. ಮಾತಿನಲ್ಲಿ ಅ, ಓ, ಊ ಥರದ ಸ್ವರಾಕ್ಷರಗಳು ದಪ್ಪ ಸದ್ದು, ಅವು ಚೆನ್ನಾಗಿ ಕೇಳಿಸುತ್ತವೆ. ಸ, ಶ, ತ, ಕ, ಪ ಇವೆಲ್ಲ ತೆಳು ಸದ್ದು, ಇವು ಜಾರಿಹೋಗುತ್ತವೆ. 'ಸಾಸಿವೆ ತನ್ನಿ' ಅಂತ ನೀವು ಹೇಳಿದರೆ ಅವರಿಗೆ 'ಆ… ಇವೆ ಅನ್ನಿ' ಅಂತ ಮುಟ್ಟುತ್ತದೆ. ಉಳಿದದ್ದನ್ನು ಊಹೆ ಮಾಡುತ್ತಾರೆ. ಕೆಲವು ಸಲ ಊಹೆ ಸರಿಯಾಗುತ್ತದೆ, ಆಗ ನಿಮಗೆ 'ಬೇಕಾದಾಗ ಕೇಳಿಸುತ್ತೆ' ಅನ್ನಿಸುತ್ತದೆ. ಎಷ್ಟು ಮನೆಯಲ್ಲಿ ಇದೇ ವಿಷಯಕ್ಕೆ ಜಗಳ ಆಗುತ್ತದೋ ಲೆಕ್ಕವಿಲ್ಲ.

ಕೂಗಿ ಹೇಳಬೇಡಿ. ಕೂಗಿದರೆ ಸ್ವರಾಕ್ಷರಗಳಷ್ಟೇ ಜೋರಾಗುತ್ತವೆ. ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ಸ್ವಲ್ಪ ನಿಧಾನಕ್ಕೆ ಹೇಳಿ. ಟಿವಿ ಆರಿಸಿ. ಆಮೇಲೆ ಅವರನ್ನು ಪರೀಕ್ಷೆಗೆ ಕರೆತನ್ನಿ.

ಗಣೇಶನ ಮೆರವಣಿಗೇಲಿ ಡಿಜೆ ಮುಂದೆ ಕುಣಿದೆ. ಕಿವಿ ಕಟ್ಟಿಕೊಂಡು ಗುಂಯ್ ಅಂತಿತ್ತು. ಎರಡು ದಿನಕ್ಕೆ ಸರಿಹೋಯ್ತು. ಏನೂ ತೊಂದರೆ ಇಲ್ಲ ಅಲ್ವಾ?

ಸರಿಹೋದದ್ದು ಒಳ್ಳೆಯದು. ಕೋಶಗಳು ಸಾಯದೆ ದಣಿದಿದ್ದಷ್ಟೇ ಆದರೆ ಹೀಗೆ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಪ್ರತಿ ಸಲವೂ ಪೂರ್ತಿ ಚೇತರಿಕೆ ಆಗುತ್ತದೆ ಅನ್ನುವ ಭರವಸೆ ಇಲ್ಲ. ಗುಂಯ್ ಅನ್ನುವುದು ಕಿವಿ ಕೊಡುವ ನೋಟಿಸು. ಮುಂದಿನ ವರ್ಷ ಸ್ಪೀಕರ್ ಗೋಡೆಯಿಂದ ದೂರ ಕುಣಿಯಿರಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಪ್ಲಗ್ ಹಾಕಿಕೊಂಡರೂ ಬೀಟ್ ಎದೆಗೆ ಬಡಿಯುತ್ತದೆ, ಕುಣಿತಕ್ಕೆ ಏನೂ ಮೋಸ ಇಲ್ಲ.

ಒಂದೇ ಒಂದು ಪಟಾಕಿ ಕಿವಿ ಹತ್ರ ಸಿಡೀತು. ಅಷ್ಟಕ್ಕೇ ಕಿವಿ ಹೋಗುತ್ತಾ?

ಹೋಗಬಹುದು. ನಮ್ಮ ದೇಶದ ನಿಯಮದ ಪ್ರಕಾರ ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬೆಲ್ ದಾಟಬಾರದು. ಈ '4 ಮೀಟರ್' ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಅದೇ ಪಟಾಕಿ ಅರ್ಧ ಮೀಟರಿನಲ್ಲಿ ಸಿಡಿದರೆ ಇನ್ನೂ 18 ಡೆಸಿಬೆಲ್ ಸೇರುತ್ತದೆ. ನಿಯಮ ಪಾಲಿಸಿದ ಪಟಾಕಿಯೇ 143ಕ್ಕೆ ಬಂತು. ಇಂಥ ಹೊಡೆತಕ್ಕೆ ಕೋಶಗಳು ದಣಿಯುವಷ್ಟು ಹೊತ್ತೂ ಇರುವುದಿಲ್ಲ, ಬುಡಸಮೇತ ಕಿತ್ತುಬರುತ್ತವೆ. ಕಿವಿ ತಮಟೆಯ ಪೊರೆಯೂ ಹರಿಯಬಹುದು. ಪೊರೆ ಬಹಳ ಸಲ ತಾನೇ ಕೂಡಿಕೊಳ್ಳುತ್ತದೆ.

ಸಿಡಿದ ಮೇಲೆ ಕಿವಿ ಕಟ್ಟಿದ್ದರೆ, ಕಮ್ಮಿ ಕೇಳಿಸಿದರೆ, ರಕ್ತ ಬಂದರೆ 'ನೋಡೋಣ' ಅಂತ ಕೂರಬೇಡಿ. ಮಾರನೇ ದಿನವೇ ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋಗಿ. ಹಠಾತ್ತನೆ ಆದ ಹಾನಿಗೆ ಸ್ಟೆರಾಯ್ಡ್ ಕೊಡುವುದುಂಟು. ಅದು ಉಪಯೋಗಕ್ಕೆ ಬಂದರೆ ಮೊದಲ ಕೆಲವು ದಿನಗಳಲ್ಲೇ. ದೀಪಾವಳಿ ಮುಗಿದು ತಿಂಗಳಾದ ಮೇಲೆ ಬಂದವರಿಗೆ ಕೊಡಲು ನಮ್ಮ ಹತ್ತಿರ ಜಾಸ್ತಿ ಏನೂ ಉಳಿದಿರುವುದಿಲ್ಲ. ಕಿವಿಗೆ ಎಣ್ಣೆ, ನೀರು ಮಾತ್ರ ಹಾಕಬೇಡಿ.

ನಾವು ಡೊಳ್ಳು ಬಾರಿಸೋರು. ಸಂಗೀತಕ್ಕೂ ಕಿವಿ ಹೋಗುತ್ತಾ?

ಕಾಕ್ಲಿಯಾಕ್ಕೆ ತಾಳ, ರಾಗ ತಿಳಿಯದು, ಡೆಸಿಬೆಲ್ ಮಾತ್ರ ತಿಳಿಯುತ್ತದೆ. ಡೊಳ್ಳು, ತಮಟೆ, ಬ್ಯಾಂಡ್ ಸೆಟ್, ನಾದಸ್ವರ ಎಲ್ಲದರಲ್ಲೂ ಅಪಾಯ ಇದೆ. ಎಲ್ಲ ಸ್ವರವನ್ನೂ ಒಂದೇ ಸಮ ತಗ್ಗಿಸುವ ಸಂಗೀತಗಾರರ ಪ್ಲಗ್‌ಗಳು ಸಿಗುತ್ತವೆ. ಅವನ್ನು ಹಾಕಿದರೆ ಶ್ರುತಿ ಕೆಡುವುದಿಲ್ಲ.

## ಕಿವಿ ಉಳಿಸಿಕೊಳ್ಳುವ ಬಗ್ಗೆ

ಹತ್ತಿ ಇಟ್ಟುಕೊಂಡರೆ ಸಾಕಲ್ವಾ?

ಸಾಲದು. ಒಣ ಹತ್ತಿಯಲ್ಲಿ ಗಾಳಿ ಆಡುತ್ತದೆ, ಗಾಳಿ ಆಡುವ ಕಡೆ ಸದ್ದೂ ನುಗ್ಗುತ್ತದೆ. ಶೆಡ್ಡಿನಲ್ಲಿ ಧೂಳು ಕಿವಿಗೆ ಹೋಗದ ಹಾಗೆ ತಡೆಯಲು ಸರಿ, ಅಷ್ಟೇ.

ಫೋಮ್ ಪ್ಲಗ್ ಕೊಟ್ಟಿದ್ದಾರೆ. ಹಾಕಿದ್ರೆ ಐದು ನಿಮಿಷಕ್ಕೆ ಬಿದ್ದುಹೋಗುತ್ತೆ.

ಒತ್ತಿ ತುರುಕುತ್ತಿದ್ದೀರಿ, ಅದಕ್ಕೇ ಬೀಳುತ್ತದೆ. ಮೊದಲು ಕೈ ತೊಳೆಯಿರಿ. ಪ್ಲಗ್ಗನ್ನು ಎರಡು ಬೆರಳ ನಡುವೆ ಹೂಬತ್ತಿ ಹೊಸೆದ ಹಾಗೆ ಸುಕ್ಕಿಲ್ಲದೆ ತೆಳ್ಳಗೆ ಹೊಸೆಯಿರಿ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಹೊಸೆದ ಪ್ಲಗ್ಗನ್ನು ತಕ್ಷಣ ಒಳಗೆ ಸರಿಸಿ, ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಒಳಗೇ ಉಬ್ಬಿ ಕೂರುತ್ತದೆ. ಸರಿಯಾಗಿ ಕೂತಿದ್ದರೆ ಎದುರಿನಿಂದ ನೋಡುವವರಿಗೆ ಪ್ಲಗ್ಗಿನ ತುದಿ ಕಾಣಬಾರದು. ನಿಮ್ಮ ಮಾತೇ ನಿಮಗೆ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಬೇಕು.

ಒಂದು ಶಿಬಿರದಲ್ಲಿ ಇಪ್ಪತ್ತು ಜನರಿಗೆ ಪ್ಲಗ್ ಹಂಚಿ ಸುಮ್ನೆ ನಿಂತು ನೋಡಿದೆ. ಸರಿಯಾಗಿ ಹಾಕಿದ್ದು ಮೂರು ಜನ. ತಪ್ಪು ನನ್ನದೇ. ಹಂಚಿದ್ದೆ, ಹಾಕುವುದನ್ನು ತೋರಿಸಿರಲಿಲ್ಲ.

ಪ್ಯಾಕೆಟ್ ಮೇಲೆ 29 ಡೆಸಿಬೆಲ್ ಅಂತ ಬರೆದಿದೆ. 100ರಲ್ಲಿ 29 ಕಳೆದರೆ 71. ಹಾಗಾದ್ರೆ ನಿಶ್ಚಿಂತೆ ಅಲ್ವಾ?

ಅದು ಪ್ರಯೋಗಾಲಯದಲ್ಲಿ, ತಜ್ಞರ ಕಣ್ಣೆದುರು ಹಾಕಿಸಿ ಅಳೆದ ಅಂಕಿ. ಕೆಲಸದ ಜಾಗಕ್ಕೆ ಒಂದು ಬಿಗಿ ಲೆಕ್ಕ ಇದೆ. ಅಂಕಿಯಲ್ಲಿ 7 ಕಳೆದು ಉಳಿದದ್ದನ್ನು ಅರ್ಧ ಮಾಡಿ. 29ಕ್ಕೆ ಬರುವುದು 11. ಅಂದರೆ 100 ಇದ್ದದ್ದು 89ಕ್ಕೆ ಬಂತು. ಚೆನ್ನಾಗಿ ಹಾಕಿದವರಿಗೆ ಇದಕ್ಕಿಂತ ಜಾಸ್ತಿಯೇ ಸಿಗುತ್ತದೆ.

ಇನ್ನೊಂದು ಸಂಗತಿ ಕೇಳಿದರೆ ಎಲ್ಲರೂ ಬೆಚ್ಚುತ್ತಾರೆ. ಪೂರ್ತಿ 30 ಡೆಸಿಬೆಲ್ ತಡೆಯುವ ಸಾಧನ ಅಂತಲೇ ಇಟ್ಟುಕೊಳ್ಳಿ. 8 ಗಂಟೆಯ ಪಾಳಿಯಲ್ಲಿ ಬರೀ ಅರ್ಧ ಗಂಟೆ ಅದನ್ನು ತೆಗೆದಿಟ್ಟರೆ, ಇಡೀ ದಿನದ ಲೆಕ್ಕದಲ್ಲಿ ಸಿಗುವ ರಕ್ಷಣೆ ಸುಮಾರು 12 ಡೆಸಿಬೆಲ್‌ಗೆ ಕುಸಿಯುತ್ತದೆ. ದುಬಾರಿ ಸಾಧನವನ್ನು ಆಗಾಗ ಹಾಕುವುದಕ್ಕಿಂತ ಅಗ್ಗದ ಪ್ಲಗ್ಗನ್ನು ಪಾಳಿ ಪೂರ್ತಿ ಹಾಕುವುದು ಮೇಲು. ಕಲ್ಲು ಒಡೆಯುವ ಕ್ರಷರ್‌ನಂಥ ಕಡೆ ಪ್ಲಗ್ ಮೇಲೆ ಇಯರ್‌ಮಫ್ ಕೂಡ ಹಾಕುತ್ತಾರೆ. ಎರಡರ ಅಂಕಿ ಕೂಡಬೇಡಿ. ಎರಡನೆಯದರಿಂದ ಸೇರುವುದು 5 ಡೆಸಿಬೆಲ್‌ನಷ್ಟು.

ಪ್ಲಗ್ ಹಾಕಿದ್ರೆ ಎಳೆ ಕಡಿದಿದ್ದು, ಲಾಳಿ ತಪ್ಪಿದ್ದು ಗೊತ್ತಾಗಲ್ಲ. ಬಟ್ಟೆ ಹಾಳಾದ್ರೆ ಯಾರು ಕೊಡ್ತಾರೆ?

ನೇಕಾರರ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೇಕಾರರು ಮಗ್ಗವನ್ನು ಕಣ್ಣಿಗಿಂತ ಕಿವಿಯಲ್ಲೇ ಜಾಸ್ತಿ ಕಾಯುತ್ತಾರೆ. ಲಾಳಿಯ ತಾಳ ಸ್ವಲ್ಪ ಏರುಪೇರಾದರೂ ಕೈ ತಾನಾಗಿಯೇ ಹ್ಯಾಂಡಲ್‌ಗೆ ಹೋಗುತ್ತದೆ.

ಆದರೆ ಪ್ಲಗ್ ಮಗ್ಗದ ಸದ್ದನ್ನು ಅಳಿಸುವುದಿಲ್ಲ, ತಗ್ಗಿಸುತ್ತದೆ. ತಾಳ ಉಳಿಯುತ್ತದೆ. ಮೊದಲ ವಾರ ಎಲ್ಲವೂ ಬೇರೆ ಥರ ಕೇಳಿಸುತ್ತದೆ, ಆಮೇಲೆ ಮನಸ್ಸು ಹೊಂದಿಕೊಳ್ಳುತ್ತದೆ. 'ಅಭ್ಯಾಸ ಆಗುತ್ತೆ' ಅನ್ನುವ ಮಾತು ಇಲ್ಲಿ ಮಾತ್ರ ಸರಿ. ಈಗಾಗಲೇ ಕಿವಿ ಮಂದವಾದವರಿಗೆ ಪ್ಲಗ್ ನಿಜಕ್ಕೂ ಕಷ್ಟ. ಅವರಿಗೆ ತಗ್ಗು ಅಂಕಿಯ ಪ್ಲಗ್ ಕೊಡಬೇಕು. ಎಲ್ಲರಿಗೂ ಒಂದೇ ಪ್ಯಾಕೆಟ್ ಹಂಚಿ ಫೋಟೊ ತೆಗೆಸಿಕೊಂಡರೆ ಪ್ಲಗ್ಗು ಕಿಟಕಿ ಮೇಲೆ ಕೂರುತ್ತವೆ.

ಎಲ್ಲಾ ನಮ್ಮ ಕಿವಿಗೇ ತುರುಕ್ತೀರಲ್ಲ, ಮಷೀನ್ ಸದ್ದು ಕಮ್ಮಿ ಮಾಡೋಕೆ ಆಗಲ್ವಾ?

ನ್ಯಾಯವಾದ ಪ್ರಶ್ನೆ. ಸುರಕ್ಷತೆಯ ಪುಸ್ತಕಗಳಲ್ಲೂ ಪ್ಲಗ್ ಕೊನೆಯ ಉಪಾಯ, ಯಂತ್ರದ ಸದ್ದು ತಗ್ಗಿಸುವುದೇ ಮೊದಲನೆಯದು. ಲಾಳಿ ಮಗ್ಗದ ಸದ್ದಿನಲ್ಲಿ ದೊಡ್ಡ ಪಾಲು ಬರುವುದು ಹೊಡೆಯುವ ಕೋಲು ಲಾಳಿಗೆ ಬಡಿದಾಗ, ಮತ್ತು ಓಡಿಬಂದ ಲಾಳಿ ಪೆಟ್ಟಿಗೆಯಲ್ಲಿ ದಡ್ ಅಂತ ನಿಂತಾಗ. ಬಡಿಯುವ ಜಾಗದ ಸವೆದ ಚರ್ಮ, ರಬ್ಬರ್ ಬದಲಿಸಿ. ಸಡಿಲ ಬೋಲ್ಟ್ ಬಿಗಿಮಾಡಿ. ಮಗ್ಗದ ಕಾಲಿನ ಕೆಳಗೆ ರಬ್ಬರ್ ಹಾಸಿ. ಶೀಟ್ ಮನೆಯ ಬರಿ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ಸದ್ದು ಹೀರುವ ಹಲಗೆ ಹೊಡೆಸಿದರೆ ಅದೂ ಸ್ವಲ್ಪ ಇಳಿಯುತ್ತದೆ. ಮನೆಯಲ್ಲೇ ಮಗ್ಗ ಇದ್ದರೆ ಮಕ್ಕಳು ಮಲಗುವ ಕೋಣೆಗೂ ಮಗ್ಗಕ್ಕೂ ನಡುವೆ ಗಟ್ಟಿ ಗೋಡೆ, ಮುಚ್ಚುವ ಬಾಗಿಲು ಇರಲಿ. ಎಷ್ಟೋ ಮನೆಗಳಲ್ಲಿ ಮಗ್ಗದ ಪಕ್ಕವೇ ತೊಟ್ಟಿಲು ಕಟ್ಟಿರುವುದನ್ನು ನೋಡಿದ್ದೇನೆ.

ಮಗ ದಿನವಿಡೀ ಇಯರ್‌ಫೋನ್ ಹಾಕ್ಕೊಂಡಿರ್ತಾನೆ. ಎಷ್ಟು ಹೊತ್ತು ಬಿಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75ರಲ್ಲಿ 40 ಗಂಟೆ. 90ಕ್ಕೆ ಏರಿಸಿದರೆ ದೊಡ್ಡವರಿಗೂ ವಾರಕ್ಕೆ 4 ಗಂಟೆ ಮಾತ್ರ. ದಿನಕ್ಕಲ್ಲ, ವಾರಕ್ಕೆ.

ನಿಜವಾದ ಶತ್ರು ಬಸ್ಸು. ಮನೆಯಲ್ಲಿ ಅರ್ಧ ವಾಲ್ಯೂಮ್‌ನಲ್ಲಿ ಕೇಳುವ ಹುಡುಗ ಸಿಟಿ ಬಸ್ಸಿನಲ್ಲಿ ಇಂಜಿನ್ ಸದ್ದನ್ನು ಮೀರಿಸಲು ಪೂರ್ತಿ ಏರಿಸುತ್ತಾನೆ. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಇದ್ದರೆ ಏರಿಸುವ ಪ್ರಮೇಯವೇ ಬರುವುದಿಲ್ಲ. ರಸ್ತೆ ದಾಟುವಾಗ ಮಾತ್ರ ತೆಗೆಯಲಿ. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್‌ಗೆ ಮಿತಿ ಹಾಕುವ ಸೌಲಭ್ಯ ಇರುತ್ತದೆ. ಬೈದು ಕಿತ್ತುಕೊಳ್ಳುವುದಕ್ಕಿಂತ ಅವನ ಜೊತೆ ಕೂತು ಆ ಮಿತಿ ಹಾಕಿಸಿ.

ಟಿಬಿಗೆ ಮೊದಲು ಇಂಜೆಕ್ಷನ್ ತಗೊಂಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಥರದ ಇಂಜೆಕ್ಷನ್, ಕ್ಯಾನ್ಸರಿನ ಸಿಸ್‌ಪ್ಲಾಟಿನ್, ಇವು ಅದೇ ಕೂದಲ ಕೋಶಗಳನ್ನು ಕೊಲ್ಲಬಲ್ಲವು. ಪೇಂಟ್ ತಿನ್ನರ್‌ನಲ್ಲಿರುವ ಟೊಲ್ಯೂಯಿನ್‌ನಂಥ ದ್ರಾವಕಗಳ ಆವಿ ಕೂಡ ಹಾಗೆಯೇ. ಇವುಗಳ ಜೊತೆ ಸದ್ದೂ ಸೇರಿದರೆ ಹಾನಿ ಹೆಚ್ಚು. ಪರೀಕ್ಷೆಗೆ ಬಂದಾಗ ಹಳೆಯ ಔಷಧಿ ಚೀಟಿ ತನ್ನಿ.

## ಪರೀಕ್ಷೆ, ಚಿಕಿತ್ಸೆ

ಪರೀಕ್ಷೆ ಅಂದ್ರೆ ಏನು ಮಾಡ್ತೀರಿ? ನೋವಾಗುತ್ತಾ?

ನೋವಿಲ್ಲ. ಸದ್ದು ಒಳಬರದ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತೇವೆ. ಬೇರೆ ಬೇರೆ ಸ್ವರ ಬರುತ್ತವೆ. ಎಷ್ಟು ಮೆಲ್ಲಗೆ ಕೇಳಿಸಿದರೂ ಬಟನ್ ಒತ್ತಬೇಕು. ಅದರಿಂದ ಬರುವ ಗೆರೆ ಚಿತ್ರವೇ ಆಡಿಯೊಗ್ರಾಮ್. ಸದ್ದಿಗೆ ಸಿಕ್ಕ ಕಿವಿಯಲ್ಲಿ ಗೆರೆ 4,000 ಹರ್ಟ್ಸ್ (ಸೆಕೆಂಡಿಗೆ 4,000 ಕಂಪನ) ಹತ್ತಿರ ಗುಂಡಿಗೆ ಬಿದ್ದು, 8,000ಕ್ಕೆ ಸ್ವಲ್ಪ ಮೇಲೇಳುತ್ತದೆ. ವಯಸ್ಸಿನ ಕಿವಿಯಲ್ಲಿ ಗೆರೆ ಇಳಿದದ್ದು ಇಳಿಯುತ್ತಲೇ ಹೋಗುತ್ತದೆ, ಏಳುವುದಿಲ್ಲ. ಹೀಗಾಗಿ ಎರಡನ್ನೂ ಬೇರೆಮಾಡಬಹುದು. ವಯಸ್ಸು ಸೇರಿಕೊಂಡ ಮೇಲೆ ಗುಂಡಿ ಮಸುಕಾಗುತ್ತದೆ.

ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರ ಇರಿ. ರಾತ್ರಿ ಪಾಳಿ ಮುಗಿಸಿ ಸೀದಾ ಬಂದರೆ ದಣಿದ ಕಿವಿಯ ಲೆಕ್ಕ ಸಿಗುತ್ತದೆ. ಸದ್ದಿನ ಕೆಲಸಕ್ಕೆ ಸೇರುವ ಮೊದಲು ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಮಾಡಿಸುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲರೂ 'ಆಯಿಷ್' ಅನ್ನುತ್ತಾರೆ. ಹತ್ತಿರ ಇರುವವರು ಅಲ್ಲಿಗೆ ಹೋಗಬಹುದು. ಉಳಿದವರು ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೇಳಿ.

ಮಾತ್ರೆ, ಆಪರೇಷನ್, ಬೆಳ್ಳುಳ್ಳಿ ಎಣ್ಣೆ, ಯಾವುದಾದ್ರೂ ಸರಿ, ಕೇಳಿಸೋ ಹಾಗೆ ಮಾಡಿ.

ಸತ್ತ ಕೋಶವನ್ನು ಎಬ್ಬಿಸುವ ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಎಣ್ಣೆ ಹೊರಕಿವಿಯಲ್ಲೇ ನಿಲ್ಲುತ್ತದೆ, ಕಾಕ್ಲಿಯಾ ಇರುವ ಕಡೆಗೆ ಹೋಗುವುದೇ ಇಲ್ಲ. ಕೆಲವರಿಗೆ ಗುಗ್ಗೆ ತೆಗೆಸಿದ ಕೂಡಲೇ ಚೆನ್ನಾಗಿ ಕೇಳಿಸುತ್ತದೆ. ಅವರಿಗೆ ಇದ್ದ ತೊಂದರೆ ಗುಗ್ಗೆ. 'ಎಣ್ಣೆಯಿಂದ ವಾಸಿಯಾಯಿತು' ಅನ್ನುವ ಕಥೆಗಳು ಬಹುಪಾಲು ಅಲ್ಲಿಂದಲೇ ಹುಟ್ಟಿರುತ್ತವೆ.

ಕಿವಿ ಮಿಷನ್ ಹಾಕಿದ್ರೆ ಇರೋ ಕಿವಿನೂ ಹೋಗುತ್ತಂತೆ. ಹೌದಾ?

ಸರಿಯಾಗಿ ಹೊಂದಿಸಿದ ಮಿಷನ್‌ನಿಂದ ಹೋಗುವುದಿಲ್ಲ. ಯಾರದೋ ಮಿಷನ್ ಇಸಿದುಕೊಂಡು ಹಾಕಿದರೆ, ಅಂಗಡಿಯಲ್ಲಿ ಸಿಗುವ ಎಲ್ಲ ಸದ್ದನ್ನೂ ಏರಿಸುವ ಅಗ್ಗದ ಡಬ್ಬಿ ಹಾಕಿದರೆ ತೊಂದರೆ ಆಗಬಹುದು. ಸದ್ದಿಗೆ ಸಿಕ್ಕ ಕಿವಿಗೆ ದಪ್ಪ ಸ್ವರ ಚೆನ್ನಾಗೇ ಕೇಳಿಸುತ್ತಿರುತ್ತದೆ. ಕೀಚಲು ಸ್ವರ ಮಾತ್ರ ಏರಿಸಬೇಕು. ಅದಕ್ಕೇ ಆಡಿಯೊಗ್ರಾಮ್ ನೋಡಿ ಕಂಪ್ಯೂಟರಿನಲ್ಲಿ ಹೊಂದಿಸುವುದು.

ಮಿಷನ್ ಬೀರು ಸೇರುವುದಕ್ಕೆ ಕಾರಣ ಮೊದಲ ತಿಂಗಳು. ಅಪ್ಪನಿಗೆ ಹಾಕಿದ ದಿನ ಅವರಿಗೆ ಮೊದಲು ಕೇಳಿಸಿದ್ದು ಪ್ಲಾಸ್ಟಿಕ್ ಕವರ್ ಪರಪರ. 'ಇದೇನು ಗಲಾಟೆ' ಅಂತ ಕಿತ್ತಿಟ್ಟರು. ವರ್ಷಗಟ್ಟಲೆ ಕೇಳದ ಸದ್ದುಗಳು ಒಮ್ಮೆಗೇ ಬಂದಾಗ ತಲೆ ಕೆಡುತ್ತದೆ. ಮೊದಲ ವಾರ ಮನೆಯಲ್ಲಿ ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿ, ಆಮೇಲೆ ಟಿವಿಗೆ, ಆಮೇಲೆ ಬೀದಿಗೆ. ಎರಡು ಮೂರು ಸಲ ವಾಪಸ್ ಬಂದು ಹೊಂದಿಸಿಕೊಳ್ಳಿ. ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಅಪ್ಪ ನಾಲ್ಕು ಸಲ ಬಂದರು.

ಶೆಡ್ಡಿಗೆ ಮಿಷನ್ ಹಾಕಿಕೊಂಡು ಹೋಗಬೇಡಿ. ಅದನ್ನು ಆಫ್ ಮಾಡಿ ಕಿವಿಯಲ್ಲಿಟ್ಟರೆ ಪ್ಲಗ್ ಆಗುವುದೂ ಇಲ್ಲ.

ರಾತ್ರಿ ಮಲಗಿದ್ರೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ. ನಿದ್ದೆ ಇಲ್ಲ. ಹುಚ್ಚು ಹಿಡಿಯುತ್ತಾ?

ಹುಚ್ಚಲ್ಲ. ಇದಕ್ಕೆ ಟಿನಿಟಸ್ ಅನ್ನುತ್ತಾರೆ. ಕಿವಿಯಿಂದ ಬರಬೇಕಾದ ಸಂಕೇತ ಕಮ್ಮಿಯಾದಾಗ ಮೆದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ. ಆ ಗೊರಗೊರವೇ ನಿಮಗೆ ಜೀರುಂಡೆ. ರಾತ್ರಿ ಜಾಸ್ತಿ ಅನ್ನಿಸುವುದು ಸುತ್ತ ಸದ್ದಿಲ್ಲದ್ದರಿಂದ.

ಪೂರ್ತಿ ನಿಲ್ಲಿಸುವ ಮದ್ದು ಇಲ್ಲ. ಹತೋಟಿಗೆ ತರಬಹುದು. ಮಲಗುವ ಕೋಣೆ ನಿಶ್ಶಬ್ದ ಇರದಿರಲಿ. ಫ್ಯಾನ್, ಮೆಲ್ಲಗೆ ಮಳೆ ಸದ್ದು, ಯಾವುದಾದರೂ ಆದೀತು. ಕಿವಿ ಮಂದವಿದ್ದವರಿಗೆ ಮಿಷನ್ ಹಾಕಿದರೆ ಎಷ್ಟೋ ಸಲ ಜೀರುಂಡೆಯೂ ತಣ್ಣಗಾಗುತ್ತದೆ. ನಿದ್ದೆಗೆಟ್ಟು ಮನಸ್ಸು ಕುಗ್ಗಿದ್ದರೆ ಸಮಾಲೋಚನೆಯಿಂದ ನಿಜವಾದ ಉಪಯೋಗ ಇದೆ, ನಾಚಿಕೆ ಬೇಡ. ಒಂದೇ ಕಿವಿಯಲ್ಲಿ ಕೂಗಿದರೆ, ಅಥವಾ ನಾಡಿಯ ಬಡಿತಕ್ಕೆ ಸರಿಯಾಗಿ ಸದ್ದು ಬಂದರೆ ಕಾರಣ ಬೇರೆ ಇರಬಹುದು. ಆಗ ವೈದ್ಯರು ನೋಡಲೇಬೇಕು.

## ಇನ್ನೂ ಆಳಕ್ಕೆ ಹೋಗುವವರಿಗೆ

ಆಡಿಯೊಗ್ರಾಮ್ ನಾರ್ಮಲ್ ಅಂತಾರೆ. ಆದ್ರೆ ಹೋಟೆಲ್ ಗದ್ದಲದಲ್ಲಿ ಎದುರಿಗಿರೋರ ಮಾತೂ ಗೊತ್ತಾಗಲ್ಲ. ನನ್ನ ಭ್ರಮೆಯಾ?

ಭ್ರಮೆ ಅಂತ ಕಳಿಸಿಬಿಡುವ ಕಾಲ ಹೋಯಿತು. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಎಂಬ ವಿಜ್ಞಾನಿಗಳು ಇಲಿಗಳಿಗೆ ತಾತ್ಕಾಲಿಕವಾಗಿ ಮಾತ್ರ ಕಿವಿ ಮಂದವಾಗುವಷ್ಟು ಸದ್ದು ಕೇಳಿಸಿದರು. ಕೇಳುವ ಶಕ್ತಿ ವಾಪಸ್ ಬಂತು, ಕೂದಲ ಕೋಶಗಳೂ ಉಳಿದವು. ಆದರೆ ಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳಲ್ಲಿ ದೊಡ್ಡ ಪಾಲು ಕಳಚಿಹೋಗಿದ್ದವು. ಸದ್ದಿಲ್ಲದ ಕೋಣೆಯಲ್ಲಿ ಒಂದೊಂದೇ ಸ್ವರ ಹಿಡಿಯಲು ಉಳಿದ ಕೊಂಡಿಗಳು ಸಾಕು. ಗದ್ದಲದಲ್ಲಿ ಮಾತು ಹೆಕ್ಕಲು ಸಾಲುವುದಿಲ್ಲ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಆಗುತ್ತದೆ ಅನ್ನುವ ಚರ್ಚೆ ಇನ್ನೂ ನಡೆದಿದೆ. ಗದ್ದಲದ ನಡುವೆ ಮಾತು ಕೇಳಿಸುವ ಪರೀಕ್ಷೆ ಬೇರೆ ಇದೆ, ಅದನ್ನು ಮಾಡಿಸಿ.

ಕಾರ್ಖಾನೆಯಲ್ಲಿ 90 ಅಂತಾರೆ, ನೀವು 85 ಅಂತೀರಿ. ಯಾವುದು ಸರಿ?

ಭಾರತದ ಕಾರ್ಖಾನೆ ನಿಯಮಗಳ ಮಿತಿ 8 ಗಂಟೆಗೆ 90 ಡೆಸಿಬೆಲ್. ಅಲ್ಲಿ ಪ್ರತಿ 5 ಡೆಸಿಬೆಲ್‌ಗೆ ಸಮಯ ಅರ್ಧ. ಹಾಗಾಗಿ 100 ಡೆಸಿಬೆಲ್‌ನಲ್ಲಿ 2 ಗಂಟೆ ಇರಬಹುದು. ಮೊದಲು ನಾನು ಹೇಳಿದ ಲೆಕ್ಕದಲ್ಲಿ ಅದೇ 100ಕ್ಕೆ 15 ನಿಮಿಷ. 2 ಗಂಟೆ ಎಲ್ಲಿ, 15 ನಿಮಿಷ ಎಲ್ಲಿ! ನಿಯಮ ಪಾಲಿಸಿದ ಕಾರ್ಖಾನೆಯಲ್ಲೂ ಕಿವಿ ಹೋಗಬಹುದು ಅನ್ನುವುದು ಇದಕ್ಕೇ. ಕಾನೂನಿಗೆ 90, ಕಿವಿಗೆ 85.

ಕೆಲಸದಿಂದ ಕಿವಿ ಹೋದ್ರೆ ಪರಿಹಾರ ಸಿಗುತ್ತಾ?

ಕಾಗದದ ಮೇಲೆ ಇದೆ. ಸದ್ದಿನಿಂದ ಕಿವಿ ಮಂದವಾಗುವುದು ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆ ಆಗಿತ್ತು. 1923ರ ನೌಕರರ ಪರಿಹಾರ ಕಾಯ್ದೆ, ಇಎಸ್‌ಐ (ನೌಕರರ ವಿಮೆ) ಕಾಯ್ದೆ ಎರಡರ ಪಟ್ಟಿಯಲ್ಲೂ ಅದು ಇತ್ತು. 2025ರ ನವೆಂಬರಿನಿಂದ ಇವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿರುವುದರಿಂದ ಯಾವ ಸೆಕ್ಷನ್ ಅಂತ ವಕೀಲರನ್ನೇ ಕೇಳಿ.

ಎಡವುವುದು ಬೇರೆ ಕಡೆ. ನಾಲ್ಕೈದು ಮಗ್ಗದ ಶೆಡ್ಡಿನಲ್ಲಿ ಹಾಜರಿ ಪುಸ್ತಕವೇ ಇರುವುದಿಲ್ಲ. ಇಎಸ್‌ಐ ಸಾಮಾನ್ಯವಾಗಿ ಅನ್ವಯಿಸುವುದು 10 ಜನ ಕೆಲಸಗಾರರಿದ್ದಾಗ. ಸೇರಿದಾಗಿನ ಆಡಿಯೊಗ್ರಾಮ್ ಇರುವುದಿಲ್ಲ, ಹಾಗಾಗಿ 'ಮೊದಲೇ ಹೀಗಿತ್ತು' ಅನ್ನುತ್ತಾರೆ. ಅಂಗವಿಕಲರ 2016ರ ಕಾಯ್ದೆಯಲ್ಲಿ ಮಂದಶ್ರವಣ ಅನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ, ಮಾತಿನ ಸ್ವರಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟ ಇರಬೇಕು. ಸದ್ದಿನ ಹಾನಿ ಬಹುಕಾಲ ಕೀಚಲು ಸ್ವರದಲ್ಲೇ ಇರುವುದರಿಂದ ಎಷ್ಟೋ ನೇಕಾರರು ಆ ಗೆರೆಯ ಈಚೆಗೇ ನಿಲ್ಲುತ್ತಾರೆ. ಸಂಬಳದ ಚೀಟಿ, ಗುರುತಿನ ಕಾರ್ಡು, ಪ್ರತಿ ವರ್ಷದ ಆಡಿಯೊಗ್ರಾಮ್, ಮೂರನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡಿರಿ.

ಮನೆ ಮುಂದೆ ರಾತ್ರಿ ಹನ್ನೊಂದರವರೆಗೂ ಮೈಕ್. ಏನಾದ್ರೂ ಮಾಡಬಹುದಾ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಬಿಡಬಹುದು. ಜನವಸತಿ ಜಾಗದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. 112ಕ್ಕೆ ಫೋನ್ ಮಾಡಿ. ಬೀದಿಯವರ ಜೊತೆ ಮುಖ ಕೆಡಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಹೋಗಿ ಕೇಳಿ, ಒಬ್ಬರೇ ಹೋಗಬೇಡಿ.

ಕೂದಲ ಕೋಶ ಮತ್ತೆ ಬೆಳೆಸೋ ಔಷಧಿ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವಾ?

ಆಸೆಗೆ ಕಾರಣ ಕೋಳಿ. ಕೋಳಿಗಳಲ್ಲಿ, ಬೇರೆ ಹಕ್ಕಿಗಳಲ್ಲಿ ಸದ್ದಿಗೆ ಸತ್ತ ಕೂದಲ ಕೋಶ ಮತ್ತೆ ಬೆಳೆಯುತ್ತದೆ ಅಂತ 1980ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಅಂದಿನಿಂದ ಮನುಷ್ಯರಿಗೂ ಹಾಗೆ ಮಾಡುವ ಪ್ರಯತ್ನ ನಡೆದೇ ಇದೆ. ಎಫ್‌ಎಕ್ಸ್-322 ಎಂಬ ಔಷಧಿಯನ್ನು ನೇರ ಕಿವಿಯೊಳಗೆ ಚುಚ್ಚಿ ನೋಡಿದರು. ಉಪಯೋಗ ಕಾಣದೆ 2023ರಲ್ಲಿ ಕೈಬಿಟ್ಟರು. 2024ರಲ್ಲಿ ಜೀನ್ ಚಿಕಿತ್ಸೆಯಿಂದ ಹುಟ್ಟು ಕಿವುಡು ಮಕ್ಕಳಿಗೆ ಕೇಳಿಸಿತು ಅನ್ನುವ ಸುದ್ದಿ ಬಂತಲ್ಲ, ಅದು ನಿಜ. ಆದರೆ ಅದು ಒಟೊಫರ್ಲಿನ್ ಎಂಬ ಒಂದು ಜೀನ್ ಕೆಟ್ಟವರಿಗೆ. ಆ ಮಕ್ಕಳಲ್ಲಿ ಕೂದಲ ಕೋಶಗಳು ಇದ್ದೇ ಇರುತ್ತವೆ, ಕೆಲಸ ಮಾಡುತ್ತಿರುವುದಿಲ್ಲ ಅಷ್ಟೇ. ಸದ್ದಿನಲ್ಲಿ ಕೋಶವೇ ಹೋಗಿರುತ್ತದೆ.

ಸದ್ದಿನಿಂದ ಪೂರ್ತಿ ಕಿವುಡಾದ ಕೆಲವೇ ಜನರಿಗೆ, ಮಿಷನ್‌ನಿಂದಲೂ ಉಪಯೋಗ ಇಲ್ಲ ಅಂದಾಗ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಕೋಶ ಬೆಳೆಸುವುದಿಲ್ಲ, ಕೋಶವನ್ನು ಬಿಟ್ಟು ನೇರ ನರಕ್ಕೇ ವಿದ್ಯುತ್ ಮುಟ್ಟಿಸುತ್ತದೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡರು. ಆ ದಿನ ಮಿಷನ್ ಹಾಕಿದ್ದರು. 'ಕೋಳಿಗೆ ಬರುತ್ತೆ, ನಮಗೆ ಬರಲ್ಲ' ಅಂದರು. ಆಮೇಲೆ ವಾಟ್ಸಾಪ್ ತೆಗೆದು, ಆ ಔಷಧಿಗೆ ದುಡ್ಡು ಕೇಳುತ್ತಿದ್ದ ನಂಬರನ್ನು ನನ್ನ ಕೈಯಲ್ಲೇ ಬ್ಲಾಕ್ ಮಾಡಿಸಿದರು.